ಹಬ್ಬದ ಮೇಜಿಗೆ ಪದರ ಪದರದ ಮಾಂಸದ ಸಲಾಡ್

ಬೇಯಿಸಿದ ಮಾಂಸ, ಆಲೂಗೆಡ್ಡೆ, ಅಣಬೆ, ಮೊಟ್ಟೆಗಳನ್ನು ಒಂದರ ಮೇಲೊಂದು ಹರಡಿ, ನಡುನಡುವೆ ಮೇಯನೇಸ್ ಸವರಿ, ಒಂದು ರಾತ್ರಿ ತಣ್ಣಗಿಟ್ಟು ಬಡಿಸುವ ಸಲಾಡ್ ನನಗೆ ಬಹಳ ಪ್ರಿಯವಾದದ್ದು. ಮೇಜಿನ ನಡುವೆ ಇಟ್ಟಾಗ ಎಲ್ಲರ ಕಣ್ಣೂ ಅದರ ಬಣ್ಣ ಮತ್ತು ಅಲಂಕಾರದ ಮೇಲೆಯೇ ಹೋಗುತ್ತದೆ. ಆದರೆ ಮಾಡುವವರು ಗಮನವಿಡಬೇಕಾದದ್ದು ನೀರಿನ ಮೇಲೆ. ಯಾವ ಪದಾರ್ಥ ನೀರು ಬಿಡುತ್ತದೆ, ಯಾವುದು ಹೀರಿಕೊಳ್ಳುತ್ತದೆ ಎಂಬುದನ್ನು ಅರಿತು ಪದರಗಳ ಕ್ರಮವನ್ನು ನಿರ್ಧರಿಸಿದರೆ ಸಲಾಡ್ ಮರುದಿನವೂ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಕಡೆಗಣಿಸಿದರೆ ತಟ್ಟೆಯ ಅಂಚಿನಲ್ಲಿ ನೀರು ಒಸರಿ ಪದರಗಳೆಲ್ಲ ಕಲಸಿಹೋಗುತ್ತವೆ.

ಎಂಟು ಜನರಿಗೆ ಮೂಳೆಯಿಲ್ಲದ ಕೋಳಿಯ ಎದೆಮಾಂಸ 500 ಗ್ರಾಂ, ಆಲೂಗೆಡ್ಡೆ 400 ಗ್ರಾಂ, ಅಣಬೆ 300 ಗ್ರಾಂ, ಐದು ಮೊಟ್ಟೆ, ಎರಡು ಕ್ಯಾರೆಟ್, ಒಂದು ದೊಡ್ಡ ಈರುಳ್ಳಿ, ವಿನೆಗರ್‌ನಲ್ಲಿ ನೆನೆಸಿಟ್ಟ ಸೌತೆಕಾಯಿ 150 ಗ್ರಾಂ, ಚೀಸ್ 100 ಗ್ರಾಂ ಮತ್ತು ಮೇಯನೇಸ್ ಸುಮಾರು 250 ಗ್ರಾಂ ಸಾಕಾಗುತ್ತದೆ.

ಈ ಸಲಾಡಿನ ಜೀವಾಳ ಮಾಂಸವೇ ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೋಳಿಯ ಎದೆಮಾಂಸದಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೊತಕೊತ ಕುದಿಯುವ ನೀರಿನಲ್ಲಿ ಅದರ ಎಳೆಗಳು ಬಿಗಿದುಕೊಂಡು ರಸವೆಲ್ಲ ಹೊರಬರುತ್ತದೆ. ಆದ್ದರಿಂದ ಮಾಂಸವನ್ನು ತಣ್ಣೀರಿನಲ್ಲಿಟ್ಟು ಉಪ್ಪು, ಕಾಳುಮೆಣಸು, ಒಂದು ಲವಂಗದ ಎಲೆ ಹಾಕಿ, ಕುದಿ ಬಂದ ಕೂಡಲೇ ಉರಿ ತಗ್ಗಿಸಿ, ನೀರಿನ ಮೇಲ್ಮೈ ಸಣ್ಣಗೆ ಅಲುಗುವಷ್ಟು ಶಾಖದಲ್ಲಿ ಬೇಯಿಸಬೇಕು. ಅತ್ಯಂತ ದಪ್ಪನೆಯ ಭಾಗದ ಒಳಗೆ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಮಾಂಸ ಬೆಂದಿದೆ ಎಂದರ್ಥ. ಬೆಂದ ಮಾಂಸವನ್ನು ಕೂಡಲೇ ಹೊರತೆಗೆಯದೆ ಅದೇ ಸಾರಿನಲ್ಲಿ ಬೆಚ್ಚಗಾಗುವವರೆಗೆ ಬಿಟ್ಟರೆ ಅದು ಒಣಗುವುದಿಲ್ಲ. ಸಾರನ್ನು ಸೋಸಿಟ್ಟುಕೊಂಡರೆ ಸೂಪಿಗೂ ಆಯಿತು. ದನದ ಮಾಂಸ ಬಳಸುವವರು ಮಾಂಸ ಬೆರಳಿಗೆ ಮೆತ್ತಗಾಗುವವರೆಗೆ, ಎರಡು ಗಂಟೆಯೋ ಅದಕ್ಕಿಂತ ಹೆಚ್ಚೋ, ತಾಳ್ಮೆಯಿಂದ ಬೇಯಿಸಬೇಕಾಗುತ್ತದೆ. ಅನೇಕರು ಮಾಂಸವನ್ನು ಕೈಯಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ನನಗೆ ಅದು ಸರಿಬರುವುದಿಲ್ಲ, ಏಕೆಂದರೆ ಉದ್ದನೆಯ ಎಳೆಗಳು ಬಡಿಸುವಾಗ ಚಮಚಕ್ಕೆ ಸಿಕ್ಕಿಕೊಂಡು ಮೇಲಿನ ಪದರಗಳನ್ನೂ ಎಳೆದುಕೊಂಡು ಬರುತ್ತವೆ. ಎಳೆಗಳಿಗೆ ಅಡ್ಡಲಾಗಿ, ಅರ್ಧ ಸೆಂಟಿಮೀಟರ್ ತುಂಡುಗಳಾಗಿ ಹೆಚ್ಚಿದರೆ ಪ್ರತಿ ತುತ್ತೂ ಅಚ್ಚುಕಟ್ಟಾಗಿ ಬರುತ್ತದೆ.

ನೀರಿನ ವಿಷಯದಲ್ಲಿ ಹೆಚ್ಚು ತೊಂದರೆ ಕೊಡುವುದು ಅಣಬೆ. ಅದರ ತೂಕದ ಬಹುಭಾಗ ನೀರೇ ಆಗಿರುವುದರಿಂದ, ಅಗಲವಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಿಟ್ಟ ನೀರೆಲ್ಲ ಆವಿಯಾಗಿ ಅಂಚುಗಳು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಅನಂತರ ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ಬಾಡಿಸಬೇಕು. ಸೌತೆಕಾಯಿಯನ್ನು ಹೆಚ್ಚಿದ ಮೇಲೆ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಆಲೂಗೆಡ್ಡೆ ಮತ್ತು ಕ್ಯಾರೆಟ್ಟನ್ನು ಸಿಪ್ಪೆಸಹಿತ ಬೇಯಿಸಿದರೆ ಅವು ನೀರು ಕುಡಿಯುವುದಿಲ್ಲ, ತುರಿಯುವಾಗ ಮುದ್ದೆಯೂ ಆಗುವುದಿಲ್ಲ. ಮೊಟ್ಟೆಗಳನ್ನು ಹತ್ತು ನಿಮಿಷ ಕುದಿಸಿ ಕೂಡಲೇ ತಣ್ಣೀರಿಗೆ ಹಾಕಬೇಕು. ಅತಿಯಾಗಿ ಬೆಂದರೆ ಹಳದಿಯಲ್ಲಿರುವ ಕಬ್ಬಿಣಕ್ಕೆ ಬಿಳಿ ಭಾಗದ ಗಂಧಕ ಸೇರಿ ಹಳದಿಯ ಸುತ್ತ ಹಸಿರು ಉಂಗುರ ಮೂಡುತ್ತದೆ, ಅಲಂಕಾರಕ್ಕೆ ಬೇಕಾದ ಹೊಳಪು ಹಳದಿ ಸಿಗುವುದಿಲ್ಲ.

ಎಲ್ಲ ಪದಾರ್ಥಗಳೂ ಪೂರ್ತಿ ಆರಿದ ಮೇಲೆಯೇ ಪದರ ಕಟ್ಟಲು ತೊಡಗಬೇಕು. ಬಿಸಿ ತಗುಲಿದರೆ ಮೇಯನೇಸ್ ಒಡೆದು ಎಣ್ಣೆ ಬಿಡುತ್ತದೆ. ಚಪ್ಪಟೆ ತಟ್ಟೆಯ ಮೇಲೆ 20 ಸೆಂಟಿಮೀಟರ್ ಅಗಲದ ಕೇಕ್ ಅಚ್ಚಿನ ಬಳೆಯನ್ನಿಟ್ಟು, ಮೊದಲು ತುರಿದ ಆಲೂಗೆಡ್ಡೆಯನ್ನು ಹರಡಿ ಸ್ವಲ್ಪ ಉಪ್ಪು ಉದುರಿಸಬೇಕು. ಅದರ ಪಿಷ್ಟ ಮೇಲಿನಿಂದ ಇಳಿದ ರಸವನ್ನೆಲ್ಲ ಹೀರಿಕೊಳ್ಳುವುದರಿಂದ ಆಲೂಗೆಡ್ಡೆಗೆ ತಳದ ಜಾಗವೇ ಸರಿಯಾದದ್ದು. ಅದೇ ಕಾರಣಕ್ಕೆ ಸೌತೆಕಾಯಿ ಅದರ ಮೇಲೆಯೇ ಬರಬೇಕು. ಅನಂತರ ಮಾಂಸ, ಅದರ ಮೇಲೆ ಅಣಬೆ ಮತ್ತು ಈರುಳ್ಳಿ, ಆಮೇಲೆ ಕ್ಯಾರೆಟ್, ಮೊಟ್ಟೆಯ ಬಿಳಿ, ಚೀಸ್. ಮೇಯನೇಸನ್ನು ಸಣ್ಣ ರಂಧ್ರದ ಚೀಲದಿಂದ ಬಲೆಯಂತೆ ಗೆರೆ ಎಳೆದು ಹಾಕುವುದು ಒಳ್ಳೆಯದು. ಚಮಚದಿಂದ ಸವರಿದರೆ ಕೆಳಗಿನ ಪದರ ಕಿತ್ತುಬರುವುದಲ್ಲದೆ ಮೇಯನೇಸೂ ಅಗತ್ಯಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಮಾಂಸದ ಮೇಲೆ ಮಾತ್ರ ನಾನು ಧಾರಾಳವಾಗಿಯೇ ಹಾಕುತ್ತೇನೆ, ಅಣಬೆಗೆ ಹಾಕುವುದೇ ಇಲ್ಲ. ಚೀಸ್, ಸೌತೆಕಾಯಿ, ಮೇಯನೇಸ್ ಮೂರರಲ್ಲೂ ಉಪ್ಪಿರುವುದನ್ನು ಮರೆಯದೆ, ಮೊಟ್ಟೆಯ ಬಿಳಿಗೆ ಒಂದು ಚಿಟಿಕೆಯಷ್ಟೇ ಸೇರಿಸಬೇಕು. ಪದರಗಳನ್ನು ಅದುಮಬಾರದು, ತುರಿಯ ನಡುವಿನ ಗಾಳಿಯೇ ಈ ಸಲಾಡಿಗೆ ಹಗುರತನ ಕೊಡುವುದು.

ಬಳೆಯನ್ನು ತೆಗೆಯದೆ, ಮೇಲೆ ಮುಚ್ಚಿ, ಕನಿಷ್ಠ ಆರು ಗಂಟೆ ಫ್ರಿಜ್‌ನಲ್ಲಿಡಬೇಕು. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಚೆನ್ನ, ಏಕೆಂದರೆ ಆ ಹೊತ್ತಿನಲ್ಲಿ ಸೌತೆಕಾಯಿಯ ಹುಳಿ ಮತ್ತು ಅಣಬೆಯ ಪರಿಮಳ ಸಪ್ಪೆಯಾದ ಆಲೂಗೆಡ್ಡೆಗೂ ಇಳಿದಿರುತ್ತದೆ. ಬಡಿಸುವ ಸ್ವಲ್ಪ ಮೊದಲು ಬಳೆ ತೆಗೆದು, ಮೊಟ್ಟೆಯ ಹಳದಿಯನ್ನು ನುಣ್ಣಗೆ ತುರಿದು ಮೇಲೆಲ್ಲ ಉದುರಿಸಿ, ಕೆಲವು ಸೊಪ್ಪಿನ ಎಳೆಗಳನ್ನು ಇಟ್ಟರೆ ಅಲಂಕಾರ ಮುಗಿಯಿತು. ಅಗಲವಾದ ಚಮಚವನ್ನು ತಳದವರೆಗೆ ಇಳಿಸಿ ಬಡಿಸಿದರೆ ಎಲ್ಲರಿಗೂ ಎಲ್ಲ ಪದರಗಳೂ ಸಿಗುತ್ತವೆ. ಮಾಂಸ, ಮೊಟ್ಟೆ, ಮೇಯನೇಸ್ ಎಲ್ಲವೂ ಬೇಗ ಕೆಡುವಂಥವಾದ್ದರಿಂದ ತಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ಫ್ರೀಜರ್‌ನಲ್ಲಿಟ್ಟರೆ ಮೇಯನೇಸ್ ಒಡೆದು, ಕರಗಿದಾಗ ಪದರಗಳೆಲ್ಲ ನೀರಾಗುತ್ತವೆ.