ಇರೋ ಯಂತ್ರವೇ ಸಾಕಲ್ವಾ ಸಾರ್?

ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಈ ಪ್ರಶ್ನೆ ಬರುತ್ತದೆ. ಗುರುತ್ವ ಅಲೆ (ಕಪ್ಪುಕುಳಿಯಂಥ ಭಾರೀ ವಸ್ತುಗಳು ಡಿಕ್ಕಿಯಾದಾಗ ಜಾಗವೇ ಹಿಗ್ಗಿ ಕುಗ್ಗುತ್ತಾ ಹರಡುವ ಅಲೆ) ಸಿಕ್ಕಿ ಆಯ್ತು, ನೊಬೆಲೂ ಬಂತು, ಮತ್ತೆ 40 ಕಿಲೋಮೀಟರಿನ ಯಂತ್ರ ಯಾಕೆ? ಮೊನ್ನೆ ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೂ ಇದನ್ನೇ ಕೇಳಿದ.

40 ಕಿಲೋಮೀಟರ್ ಅಂದರೆ ಇಲ್ಲಿಂದ ಹೆಚ್ಚುಕಡಿಮೆ ಹಿರಿಯೂರು. ಅಷ್ಟುದ್ದದ ಎರಡು ಕೊಳವೆ, ಒಳಗೆ ಗಾಳಿಯಿಲ್ಲ, ಲೇಸರ್ ಬೆಳಕು ಹೋಗಿ ಕನ್ನಡಿಗೆ ಬಡಿದು ವಾಪಸ್ ಬರುತ್ತದೆ. ಅಮೆರಿಕದವರ ಈ ಯೋಜನೆಯ ಹೆಸರು ಕಾಸ್ಮಿಕ್ ಎಕ್ಸ್‌ಪ್ಲೋರರ್. 2015ರಲ್ಲಿ ಮೊದಲ ಅಲೆ ಹಿಡಿದ ಅಮೆರಿಕದ ಯಂತ್ರ ಲೈಗೋ. ಅದರ ತೋಳು, ಅಂದರೆ ಒಂದೊಂದು ಕೊಳವೆ, 4 ಕಿಲೋಮೀಟರ್, ಅಲೆ ಹಾದಾಗ ಅದು ಹಿಗ್ಗಿದ್ದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲೂ ಇಲ್ಲ. ತೋಳು ಹತ್ತು ಪಟ್ಟಾದರೆ ಹಿಗ್ಗುವುದೂ ಹತ್ತು ಪಟ್ಟು.

ಇಲ್ಲೊಂದು ಮಜಾ ಇದೆ. ದೀಪ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಪಾಲಾಗುತ್ತದೆ, ಆದರೆ ಈ ಯಂತ್ರ ಅಳೆಯುವ ಅಲೆಯ ಎತ್ತರ ಅರ್ಧವಾಗುತ್ತದೆ ಅಷ್ಟೇ. ಹಾಗಾಗಿ ಹತ್ತು ಪಟ್ಟು ಸೂಕ್ಷ್ಮವಾದರೆ ಹತ್ತು ಪಟ್ಟು ದೂರ, ಸುತ್ತಲಿನ ಜಾಗದ ಲೆಕ್ಕದಲ್ಲಿ ಸಾವಿರ ಪಟ್ಟು. (ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ತೀರಾ ದೂರಕ್ಕೆ ಲೆಕ್ಕ ಸ್ವಲ್ಪ ತಪ್ಪುತ್ತದೆ, ಇರಲಿ.)

ದೂರ ಅಂದರೆ ಹಳೆಯದು. ನಕ್ಷತ್ರಗಳೇ ಹುಟ್ಟುವ ಮುಂಚಿನ ಕಾಲದಿಂದ ಎರಡು ಕಪ್ಪುಕುಳಿ ಡಿಕ್ಕಿ ಹೊಡೆದ ಸದ್ದು ಬಂತು ಅಂತಿಟ್ಟುಕೊಳ್ಳಿ. ದೊಡ್ಡ ನಕ್ಷತ್ರ ಸತ್ತು ಕಪ್ಪುಕುಳಿ ಆಗುತ್ತದೆ ಅಂತ ನಾನೇ ಕ್ಲಾಸಿನಲ್ಲಿ ಹೇಳುತ್ತೇನೆ. ಇವು ಯಾವ ನಕ್ಷತ್ರ ಸತ್ತು ಆದವು? ಬಿಗ್ ಬ್ಯಾಂಗ್ ಆದ ಕೂಡಲೇ ನೇರವಾಗಿ ಹುಟ್ಟಿರಬಹುದು ಅನ್ನುವ ಊಹೆಯಿದೆ. ಅಷ್ಟು ಹಿಂದಿನದನ್ನು ಕೇಳಲು ಲೈಗೋ ಕಿವಿ ಸಾಲದು. ನನ್ನನ್ನು ಕೇಳಿದರೆ ಇದೊಂದಕ್ಕೇ ದುಡ್ಡು ಸುರಿಯಬಹುದು.

ಯುರೋಪಿನವರ ಐನ್‌ಸ್ಟೈನ್ ಟೆಲಿಸ್ಕೋಪ್ (ಹೆಸರು ಹಾಗಿದ್ದರೂ ಇದೂ ಗುರುತ್ವ ಅಲೆ ಹಿಡಿಯುವ ಯಂತ್ರವೇ) ನೆಲದಡಿ 200-300 ಮೀಟರ್ ಆಳದಲ್ಲಿ ಬರಬೇಕು. ಯಾಕೆ ಅಂತ ಅಂಗಡಿಯಲ್ಲೇ ತೋರಿಸಿದೆ. ರಸ್ತೆಯಲ್ಲಿ ಅದಿರಿನ ಲಾರಿ ಹೋದಾಗ ಲೋಟದ ಟೀ ಮೇಲೆ ಸಣ್ಣ ಬಳೆಗಳು ಎದ್ದವು. ನಿಧಾನವಾಗಿ ಕಂಪಿಸುವ ಅಲೆಗಳನ್ನು ಮುಚ್ಚಿಹಾಕುವುದು ಇಂಥ ನಡುಕವೇ. ಡಿಕ್ಕಿಗೆ ಬಹಳ ಮೊದಲು ಬರುವುದು ಆ ನಿಧಾನದ ಅಲೆಗಳೇ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ (ನಕ್ಷತ್ರ ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳು) ಸುತ್ತಿ ಸುತ್ತಿ ಡಿಕ್ಕಿಯಾದಾಗ ಕೇಳಿಸಿದ್ದು ಕೊನೆಯ 100 ಸೆಕೆಂಡು ಮಾತ್ರ, ಟೆಲಿಸ್ಕೋಪುಗಳು ಆ ಜಾಗ ಹುಡುಕುವಷ್ಟರಲ್ಲಿ ಸುಮಾರು 11 ಗಂಟೆ ಕಳೆದಿತ್ತು. ಹೊಸ ಯಂತ್ರಕ್ಕೆ ಇಂಥದ್ದು ಗಂಟೆಗಟ್ಟಲೆ ಮೊದಲೇ ಕೇಳಿಸಬಹುದು, ಟೆಲಿಸ್ಕೋಪು ತಿರುಗಿಸಿಕೊಂಡು ಕಾಯಬಹುದು.

"ಹಾಗಾದ್ರೆ ನಮ್ಮ ಜೋಗಿಮಟ್ಟಿ ಕೆಳಗೇ ತೋಡಿದ್ರೆ ಆಗಲ್ವಾ ಸಾರ್?" ಅಂದ.

ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ತೋರಿಸಿದೆ. ಅವೂ ನೆಲ ನಡುಗಿಸ್ತವೆ ಕಣಪ್ಪ. ಸದ್ಯಕ್ಕೆ ಭಾರತದ ಲೈಗೋ ಬರುತ್ತಿರುವುದು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ, ಅದರ ತೋಳೂ 4 ಕಿಲೋಮೀಟರೇ.