ಆಮೆ ತರುವಾಗ ಟ್ಯಾಂಕ್ ಫೋಟೋನೂ ತನ್ನಿ

ನಾನು ಬೆಂಗಳೂರಿನಲ್ಲಿ ಪಶುವೈದ್ಯೆ. ನಾಯಿ, ಬೆಕ್ಕುಗಳ ಸಾಲಿನಲ್ಲಿ ಆಗಾಗ ಆಮೆಗಳೂ ಬರುತ್ತವೆ. ಜಾಸ್ತಿ ಬರುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ಫೋನ್ ಮಾಡಿದವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಬರುವಾಗ ಟ್ಯಾಂಕ್ ಫೋಟೋ ತನ್ನಿ. ಕಾಯಿಲೆಯ ಕಾರಣ ಹೆಚ್ಚಿನ ಸಲ ಅದರಲ್ಲೇ ಕಾಣುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಅದು.

ಒಬ್ಬ ತಾಯಿ, ಮಗ ಆಮೆ ತಂದಿದ್ದರು. "ಡಾಕ್ಟ್ರೇ, ವಾರದಿಂದ ಏನೂ ತಿಂತಿಲ್ಲ" ಅಂದರು. ಅದರ ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಚಿಪ್ಪಿನ ಅಂಚು ಬಗ್ಗುತ್ತಿತ್ತು. ಗಟ್ಟಿಯಾಗಿರಬೇಕಾದ ಚಿಪ್ಪು ಅದು! ಫೋಟೋ ನೋಡಿದೆ. ಚಿಕ್ಕ ಗಾಜಿನ ಪೆಟ್ಟಿಗೆ, ಪ್ಲಾಸ್ಟಿಕ್ ತೆಂಗಿನಮರ, ನಾಲ್ಕು ಬೆರಳು ನೀರು. ಊಟ ಬರೀ ಒಣ ಸಿಗಡಿ. "ಕಿಟಕಿ ಪಕ್ಕನೇ ಇಟ್ಟಿದ್ದೀವಿ, ಬಿಸಿಲು ಚೆನ್ನಾಗಿ ಬೀಳುತ್ತೆ" ಅಂದ ಹುಡುಗ. ಪಾಪ, ಅವನು ಪ್ರೀತಿಯಿಂದಲೇ ಇಟ್ಟಿದ್ದ.

ಆದರೆ ಕಿಟಕಿ ಗಾಜು ದಾಟಿ ಬರುವ ಬಿಸಿಲಿನಲ್ಲಿ ಯುವಿಬಿ ಎಂಬ ಅತಿನೇರಳೆ ಕಿರಣ ಹೆಚ್ಚುಕಡಿಮೆ ಇರುವುದೇ ಇಲ್ಲ. ಆ ಕಿರಣ ಮೈಗೆ ಬಿದ್ದರೇನೇ ಆಮೆಯ ದೇಹದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದ, ಚಿಪ್ಪಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕಣ್ಣು ಊದಿದ್ದು ವಿಟಮಿನ್ ಎ ಕೊರತೆಯಿಂದ. ಔಷಧಿ ಕೊಟ್ಟೆ, ನಿಜ. ಆದರೆ ಟ್ಯಾಂಕ್ ಹಾಗೇ ಇದ್ದರೆ ಆ ಔಷಧಿ ಎಷ್ಟು ದಿನ ಬಂದೀತು?

ಹಾಗಾಗಿ ಬದಲಾಯಿಸಿದ್ದು ಟ್ಯಾಂಕನ್ನು. ಆಮೆ ಪೂರ್ತಿ ನೀರಿನಿಂದ ಹೊರಗೆ ಬಂದು ಮೈ ಒಣಗಿಸಿಕೊಳ್ಳಲು ಒಂದು ಕಟ್ಟೆ. ಅದರ ಮೇಲೆ 30ರಿಂದ 32 ಡಿಗ್ರಿ ಶಾಖ ಬರುವಂತೆ ಒಂದು ಬಲ್ಬ್, ಜೊತೆಗೆ ಯುವಿಬಿ ಟ್ಯೂಬ್. ಈ ಟ್ಯೂಬ್ ಉರಿಯುತ್ತಿದ್ದರೂ ವರ್ಷದೊಳಗೆ ಬದಲಿಸಬೇಕು. ಬೆಳಕು ಬರುತ್ತಿರುತ್ತದೆ, ಯುವಿಬಿ ಕಡಿಮೆಯಾಗಿರುತ್ತದೆ. ನೀರು ಚಿಪ್ಪಿನ ಉದ್ದದ ಪ್ರತಿ ಇಂಚಿಗೆ ಸುಮಾರು 40 ಲೀಟರ್, ಒಳ್ಳೆಯ ಫಿಲ್ಟರ್ ಜೊತೆ. ಮರಿಗಳಿಗೆ ಮೀನು, ಹುಳದಂಥ ಆಹಾರ ಜಾಸ್ತಿ ಬೇಕು, ಬೆಳೆದಂತೆ ಸೊಪ್ಪು ಜಾಸ್ತಿ. ಕ್ಯಾರೆಟ್, ಸಿಹಿಗುಂಬಳ ತುರಿದು ಹಾಕಿ.

ಅಂಗಡಿಯಲ್ಲಿ ಮರಿ ಅಂಗೈಯಲ್ಲಿ ಹಿಡಿಸುತ್ತದೆ. ಹೆಣ್ಣು ಆಮೆ 25ರಿಂದ 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ಚೆನ್ನಾಗಿ ಸಾಕಿದರೆ ಮೂವತ್ತು ವರ್ಷ ಬಾಳುತ್ತದೆ. ಏಳನೇ ಕ್ಲಾಸಿನ ಮಗುವಿಗೆ ಕೊಡಿಸಿದ ಆಮೆ, ಆ ಮಗುವಿಗೆ ಮದುವೆಯಾಗಿ ಮಕ್ಕಳಾದರೂ ಮನೆಯಲ್ಲೇ ಇರುತ್ತದೆ. ಇದು ಗೊತ್ತಿಲ್ಲದೆ ಕೊಂಡವರು ಕೊನೆಗೆ ಕೆರೆಗೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅಮೆರಿಕ ಮೂಲದ ಈ ಆಮೆ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಆಮೆಗಳ ಊಟಕ್ಕೂ, ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ಕೊಡುತ್ತದೆ. ಸಾಕಲೇಬೇಕು ಅನ್ನಿಸಿದರೆ ಮರಿ ಕೊಳ್ಳಬೇಡಿ. ಸಾಕಲಾಗದೆ ಕೈಚೆಲ್ಲಿದವರ ಬಳಿ ಇರುವ ದೊಡ್ಡ ಆಮೆಯನ್ನು ದತ್ತು ತೆಗೆದುಕೊಳ್ಳಿ, ಟ್ಯಾಂಕ್ ಸಿದ್ಧವಾದ ಮೇಲೆ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಟ್ಯಾಂಕನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಆಮೆಯಲ್ಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಸೋಂಕು ತಗಲುತ್ತಿದೆ ಎಂದೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು.

ಇನ್ನು ನಕ್ಷತ್ರ ಆಮೆ. ಮನೆಗೆ ಅದೃಷ್ಟ ಅಂತ ಯಾರೋ ಕೊಟ್ಟರು, ಏನು ತಿನ್ನಿಸಲಿ ಎಂದು ಕೇಳುವವರಿದ್ದಾರೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಅದು ಅತಿ ಹೆಚ್ಚು ರಕ್ಷಣೆ ಇರುವ ಜೀವಿಗಳ ಪಟ್ಟಿಯಾದ ಮೊದಲನೇ ಶೆಡ್ಯೂಲಿಗೆ ಸೇರಿದೆ. ನೀವೇ ಹೋಗಿ ಎಲ್ಲೋ ಹೊಲದಲ್ಲಿ ಬಿಟ್ಟು ಬರುವುದೂ ಬೇಡ. ಸಾಕಿದ ಆಮೆಯ ಕಾಯಿಲೆ ಕಾಡಿನ ಆಮೆಗಳಿಗೆ ಹರಡಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ತಿಳಿಸಿ. ಅವರು ಬರುವವರೆಗೆ ಗಾಳಿಯಾಡುವ, ನೆರಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿರಿ.