ಪುನರ್ಪುಳಿ ಮರದ ಕೆಳಗೆ

ಬೆಂಗಳೂರಿಗೆ ಹೋದಾಗಲೆಲ್ಲ ಲಾಲ್‌ಬಾಗ್ ನೋಡದೆ ವಾಪಸ್ ಬಂದವನಲ್ಲ ನಾನು. ಹೈದರಾಲಿ ಶುರು ಮಾಡಿದ ತೋಟ, 240 ಎಕರೆ, ಗಾಜಿನ ಮನೆ 1889ರದ್ದು, ಎಲ್ಲ ಬಾಯಿಪಾಠ. ನಮ್ಮ ಮಂಗಳೂರಿನ ಪಿಲಿಕುಳ ನಿಸರ್ಗಧಾಮ? ನೆಂಟರು ಬಂದರೆ ಮಾತ್ರ!

ಮೊನ್ನೆ ಮೈಸೂರಿನಿಂದ ಅತ್ತೆ ಬಂದಿದ್ದರು. ಸೆಕೆ ಏರುವ ಮೊದಲೇ ಹೊರಟೆವು. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹಿಂದೆ ಇಲ್ಲಿನ ಕೆರೆಗೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದವಂತೆ. ಈಗ ಅವು ಬೇಲಿಯೊಳಗೆ, ಟಿಕೆಟ್ ಹಿಡಿದ ನಾವು ಹೊರಗೆ. ಮಕ್ಕಳು ಆ ಕಡೆಗೇ ಓಡಿದರು.

ಅತ್ತೆ ಮಾತ್ರ ಪಶ್ಚಿಮ ಘಟ್ಟದ ಗಿಡಮರ ಬೆಳೆಸಿರುವ ಕಡೆ ನಡೆದರು. ಪ್ರತಿ ಮರದ ಹತ್ತಿರ ನಿಲ್ಲುವುದು, ಎಲೆ ಮುಟ್ಟುವುದು, ಹೆಸರು ಓದುವುದು. ಪುನರ್ಪುಳಿ, ಅಂದರೆ ಕೋಕಂ ಮರದ ಕೆಳಗಂತೂ ನಿಂತೇಬಿಟ್ಟರು.

"ನಿಮ್ಮನೇಲಿ ಇದರ ಶರಬತ್ತು ಎಷ್ಟು ಕುಡಿದಿದ್ದೀನಿ! ಮರ ನೋಡಿದ್ದು ಇವತ್ತೇ ಕಣೋ."

ನಾನು ಜೋರಾಗಿ ನಕ್ಕೆ. ಆಮೇಲೆ ಸ್ವಲ್ಪ ನಾಚಿಕೆಯಾಯಿತು. ಬೋರ್ಡ್ ಇಲ್ಲದಿದ್ದರೆ ನಾನಾದರೂ ಗುರುತು ಹಿಡಿಯುತ್ತಿದ್ದೆನಾ? ನಾನೂ ಅಂಗಡಿಯ ಒಣ ಸಿಪ್ಪೆ ನೋಡಿಯೇ ದೊಡ್ಡವನಾದವನು. ಪಕ್ಕದ ಮರ ಯಾವುದೆಂದು ಅತ್ತೆ ಕೇಳಿದರು. ಮೆಲ್ಲಗೆ ಬೋರ್ಡ್ ಕಡೆ ಕತ್ತು ತಿರುಗಿಸಿದೆ.